ತಮಟೆ ಏಟಿಗೆ ಎಷ್ಟು ವಾಟ್ ಬೇಕು? ಮೂರು ಆಂಪ್ಲಿಫೈಯರ್, ಎರಡು ಜೋಡಿ ಸ್ಪೀಕರ್

ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ವಾಟ್ ಎಷ್ಟು?" ಅಂತ. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ್ದು, ನಿಮ್ಮ ಸ್ಪೀಕರ್‌ನ ಸೆನ್ಸಿಟಿವಿಟಿ ಎಷ್ಟು ಡೆಸಿಬೆಲ್ ಎಂದು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಾಲ್‌ನಲ್ಲಿ ಮೂರು ಆಂಪ್ಲಿಫೈಯರ್‌ಗಳನ್ನು ಎರಡು ಜೋಡಿ ಸ್ಪೀಕರ್‌ಗಳಿಗೆ ಅದಲು ಬದಲು ಮಾಡಿ ಕೇಳಿದ ಮೇಲೆ ಈ ಮಾತನ್ನು ಧೈರ್ಯವಾಗಿ ಹೇಳುತ್ತಿದ್ದೇನೆ.

ಸ್ಪೀಕರ್‌ಗಳಲ್ಲಿ ಒಂದು ಜೋಡಿ ನನ್ನದು. ಸ್ಟ್ಯಾಂಡ್ ಮೇಲೆ ಇಡುವ ಸಣ್ಣ ಪೆಟ್ಟಿಗೆಗಳು, ಐದಿಂಚಿನ ವೂಫರ್ (ಬೇಸ್ ನುಡಿಸುವ ಭಾಗ), 8 ಓಮ್ (ಕರೆಂಟಿಗೆ ಒಡ್ಡುವ ತಡೆ), ಸೆನ್ಸಿಟಿವಿಟಿ 84 ಡೆಸಿಬೆಲ್. ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 84 ಡೆಸಿಬೆಲ್ ಸದ್ದು. ಇನ್ನೊಂದು ಜೋಡಿ ಚಿಂತಾಮಣಿಯಲ್ಲಿರುವ ನನ್ನ ಭಾವಮೈದುನನದು. ನೆಲದ ಮೇಲೆ ನಿಲ್ಲುವ, ಸೊಂಟದೆತ್ತರದ ಪೆಟ್ಟಿಗೆಗಳು. ಒಂದೊಂದರಲ್ಲೂ ಆರೂವರೆ ಇಂಚಿನ ಎರಡೆರಡು ವೂಫರ್. ಅವೂ 8 ಓಮ್, ಆದರೆ 91 ಡೆಸಿಬೆಲ್.

ಆಂಪ್ಲಿಫೈಯರ್‌ಗಳಲ್ಲಿ ಮೊದಲನೆಯದು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದ, ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್‌ನಂತೆ ಓಡಿಸುವ ಕ್ಲಾಸ್ ಡಿ ಪುಟಾಣಿ. ಒಳಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್, ಹೊರಗೆ 24 ವೋಲ್ಟ್ ಅಡಾಪ್ಟರ್. ಎರಡನೆಯದು ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್, ಹಳೆಯ ಪದ್ಧತಿಯ ಕ್ಲಾಸ್ ಎಬಿ, 8 ಓಮ್‌ಗೆ ಚಾನಲ್‌ಗೆ 40 ವಾಟ್. ಮೂರನೆಯದು 5.1 ಎವಿ ರಿಸೀವರ್, ಅಂದರೆ ಸಿನಿಮಾ ನೋಡಲು ಐದು ಸ್ಪೀಕರ್, ಒಂದು ಸಬ್‌ವೂಫರ್ ಜೋಡಿಸುವಂಥದ್ದು. ಡಬ್ಬದ ಮೇಲೆ ಚಾನಲ್‌ಗೆ 150 ವಾಟ್ ಎಂದು ದೊಡ್ಡದಾಗಿ ಅಚ್ಚಾಗಿದೆ.

ಈ ಅಚ್ಚಾದ ಅಂಕಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ರಿಸೀವರ್‌ನ ಕೈಪಿಡಿಯ ಕೊನೆಯ ಪುಟ ತೆಗೆದರೆ 150 ವಾಟ್ ಎಂಬುದು 6 ಓಮ್‌ಗೆ, ಒಂದೇ ಚಾನಲ್ ಓಡುವಾಗ, 1 ಕಿಲೋಹರ್ಟ್ಸ್ ಒಂದೇ ಸ್ವರಕ್ಕೆ, ಶೇ. 10 ಡಿಸ್ಟಾರ್ಷನ್‌ನಲ್ಲಿ (ದನಿ ಅಷ್ಟು ಕೆಟ್ಟಿರುವಾಗ) ಎಂದಿದೆ. ಅದೇ ಪುಟದಲ್ಲಿ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡೂ ಚಾನಲ್ ಒಟ್ಟಿಗೆ ಓಡುವಾಗ 70 ವಾಟ್. ನಂಬಬೇಕಾದ್ದು ಈ 70ನ್ನು. ಪುಟಾಣಿಯದ್ದಕ್ಕೆ ಕೈಪಿಡಿಯೂ ಬೇಕಿಲ್ಲ, ಶಾಲೆಯ ಗಣಿತ ಸಾಕು. ಅಡಾಪ್ಟರ್ ಕೊಡುವುದೇ 24 ವೋಲ್ಟ್. ಸ್ಪೀಕರ್‌ಗೆ ಹೋಗುವ ಅಲೆಯ ತುದಿ ಅದನ್ನು ದಾಟಲಾಗದು. 24ನ್ನು 24ರಿಂದ ಗುಣಿಸಿ 16ರಿಂದ ಭಾಗಿಸಿದರೆ (8 ಓಮ್‌ನ ಎರಡರಷ್ಟು) 36 ವಾಟ್. ಚಿಪ್‌ನೊಳಗಿನ ನಷ್ಟ ಕಳೆದರೆ ಶುದ್ಧವಾಗಿ ಸಿಗುವುದು 25ರ ಆಸುಪಾಸು. ಅದರ ಮೈಮೇಲೆ 2×50 ಎಂದು ಬರೆದಿರುವುದು 4 ಓಮ್ ಸ್ಪೀಕರ್‌ನ ಲೆಕ್ಕ.

ಕೇಳಲು ಏನು ಹಾಕಬೇಕು ಎಂಬುದೂ ಮುಖ್ಯ. ಈಗಿನ ಸಿನಿಮಾ ಹಾಡುಗಳಲ್ಲಿ ಮೆಲ್ಲಗಿನದನ್ನೂ ಜೋರಿನದನ್ನೂ ಒತ್ತಿ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಅವನ್ನು ಹಾಕಿದಾಗ ಮಾಮೂಲಿ ವಾಲ್ಯೂಮ್‌ನಲ್ಲಿ ಮೂರರ ನಡುವೆ ನನಗಂತೂ ವ್ಯತ್ಯಾಸವೇ ಕೇಳಿಸಲಿಲ್ಲ. ಹಾಗಾಗಿ ನಂದಿಯ ಭೋಗನಂದೀಶ್ವರನ ಶಿವರಾತ್ರಿ ತೇರಿನಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡಿದ್ದ ತಮಟೆಯನ್ನು ಹಾಕಿದೆ. ತಮಟೆ ನಮ್ಮ ಸೀಮೆಯ ವಾದ್ಯ. ನಮ್ಮ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಹಬ್ಬದಂಥ ಸಂತೋಷ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮದ ಮೇಲೆ ಕೋಲು ಬಿದ್ದ ಕ್ಷಣ ಸದ್ದು ಚಿಮ್ಮಿ ಅಷ್ಟೇ ಬೇಗ ಇಳಿಯುತ್ತದೆ. ನನ್ನ ರೆಕಾರ್ಡಿಂಗ್‌ನಲ್ಲಿ ಆ ಏಟುಗಳ ತುದಿ ಸರಾಸರಿ ಸದ್ದಿಗಿಂತ ಸುಮಾರು 20 ಡೆಸಿಬೆಲ್ ಮೇಲಿದೆ. 20 ಡೆಸಿಬೆಲ್ ಎಂದರೆ ನೂರು ಪಟ್ಟು ಶಕ್ತಿ. ಆಂಪ್ಲಿಫೈಯರ್‌ನ ನಿಜವಾದ ಪರೀಕ್ಷೆ ನಡೆಯುವುದು ಈ ಏಟುಗಳಲ್ಲೇ.

ಹೋಲಿಸುವಾಗ ಮೂರೂ ಒಂದೇ ಜೋರಿನಲ್ಲಿರಬೇಕು. ಒಂದು ಚೂರು ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನಿಸುವುದು ಸಹಜ. ನಾನು 100 ಹರ್ಟ್ಸ್ ಸ್ವರ ಹಾಕಿ, ಸ್ಪೀಕರ್‌ನ ಹಿಂದಿನ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಎಸಿ ವೋಲ್ಟೇಜ್ 2.83 ಬರುವ ತನಕ ಪ್ರತಿಯೊಂದರ ವಾಲ್ಯೂಮ್ ತಿರುಗಿಸಿ, ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. 8 ಓಮ್‌ಗೆ 2.83 ವೋಲ್ಟ್ ಎಂದರೆ 1 ವಾಟ್. ಗುರುತು ಪುಟಾಣಿಯಲ್ಲಿ ಗಡಿಯಾರದ ಒಂಬತ್ತರ ಹತ್ತಿರ ಬಿತ್ತು, ಹಳೆಯದರಲ್ಲಿ ಹನ್ನೊಂದರ ಹತ್ತಿರ. "ಇನ್ನೂ ಅರ್ಧ ವಾಲ್ಯೂಮ್ ಬಾಕಿ ಐತೆ" ಎಂದುಕೊಂಡು ಗುಂಡಿ ತಿರುಗಿಸುವವರು ಇದನ್ನು ಗಮನಿಸಬೇಕು. ಗುಂಡಿ ಎಲ್ಲಿದೆ ಎಂಬುದರಿಂದ ಎಷ್ಟು ವಾಟ್ ಉಳಿದಿದೆ ಎಂದು ತಿಳಿಯುವುದಿಲ್ಲ.

ಮೊದಲು 91 ಡೆಸಿಬೆಲ್‌ನ ಜೋಡಿಯನ್ನು ಪುಟಾಣಿಗೆ ಕಟ್ಟಿದೆ. "ಏನ್ ಭಾವಾ, ಅಂಗೈ ಅಗಲ ಐತಲ್ಲ, ಇದು ಇಷ್ಟು ದೊಡ್ಡ ಬಾಕ್ಸ್ ಎಳೀತದಾ?" ಎಂದ ಭಾವಮೈದುನ. ಎಳೆಯಿತು. ಒಂಬತ್ತು ಅಡಿ ದೂರದ ದಿವಾನದ ಮೇಲೆ ಕೂತರೆ ಒಂದೊಂದು ಏಟೂ ಎದೆಗೆ ತಾಗುವಂತೆ, ಬಿಡಿಬಿಡಿಯಾಗಿ ಕೇಳಿತು. ಹಳೆಯದನ್ನು ಹಾಕಿದರೂ ಅಷ್ಟೇ, ರಿಸೀವರ್ ಹಾಕಿದರೂ ಅಷ್ಟೇ. ಈ ಜೋಡಿಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ.

84 ಡೆಸಿಬೆಲ್‌ನ ನನ್ನ ಜೋಡಿಗೆ ಬಂದಾಗ ಆಟ ಬದಲಾಯಿತು. ಮೆಲ್ಲಗೆ ಕೇಳುವಾಗ ಪುಟಾಣಿ ಚೆನ್ನಾಗಿಯೇ ಇತ್ತು. ಸರಾಸರಿ ಸದ್ದು ಕೂತ ಜಾಗದಲ್ಲಿ 80 ಡೆಸಿಬೆಲ್ ಮುಟ್ಟುವಷ್ಟು ಏರಿಸಿದಾಗ "ಟಣ್" ಎನ್ನಬೇಕಿದ್ದ ಏಟು "ಟಪ್" ಎಂದಿತು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಗೆಳೆಯರೊಬ್ಬರು ಬ್ಯಾಟರಿಯಲ್ಲಿ ನಡೆಯುವ ಕೈಹಿಡಿಯ ಆಸಿಲೋಸ್ಕೋಪ್ ತಂದಿದ್ದರು. ಅದರ ಪರದೆಯಲ್ಲಿ ಪ್ರತಿ ಏಟಿನ ಅಲೆಯ ನೆತ್ತಿ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ಇದೇ ಕ್ಲಿಪ್ಪಿಂಗ್. ಅದೇ ಜೋರಿನಲ್ಲಿ 40 ವಾಟ್‌ನದು ಅತಿ ದೊಡ್ಡ ಏಟುಗಳಲ್ಲಿ ಮಾತ್ರ ಸೋತಿತು. 70 ವಾಟ್‌ನದರಲ್ಲಿ ಹುಡುಕಿ ನೋಡಿದರೆ ಅಲ್ಲೊಂದು ಇಲ್ಲೊಂದು, ಕಿವಿಗೆ ತಿಳಿಯಲಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ನಮ್ಮ ಹಾಲ್‌ನ ಅಳತೆಗೆ ದೂರದಿಂದ ಸುಮಾರು 6 ಡೆಸಿಬೆಲ್ ಕಳೆದು, ಸ್ಪೀಕರ್ ಎರಡಿರುವುದರಿಂದ 3 ಕೂಡಿಸಿದರೆ, ನನ್ನ ಜೋಡಿ 1 ವಾಟ್‌ಗೆ ದಿವಾನದ ಬಳಿ 81 ಡೆಸಿಬೆಲ್ ಕೊಡುತ್ತದೆ. 80ರ ಸರಾಸರಿಗೆ ಒಂದು ವಾಟ್ ಕೂಡ ಬೇಡ. ಆದರೆ ಏಟಿನ ತುದಿ 100 ಡೆಸಿಬೆಲ್ ಮುಟ್ಟಬೇಕಾದರೆ 80 ವಾಟ್ ಬೇಕು. 91ರ ಜೋಡಿಗೆ ಅದೇ ತುದಿಗೆ 16 ವಾಟ್ ಸಾಕು. 7 ಡೆಸಿಬೆಲ್ ವ್ಯತ್ಯಾಸ ಶಕ್ತಿಯಲ್ಲಿ ಐದು ಪಟ್ಟು! ಇತ್ತ 40ರಿಂದ 70 ವಾಟ್‌ಗೆ ಏರಿದರೆ ಸಿಗುವುದು ಬರೀ 2.4 ಡೆಸಿಬೆಲ್. ಎರಡನ್ನೂ ಹೊಸದಾಗಿ ಕೊಳ್ಳುವವರು ದುಡ್ಡನ್ನು ಮೊದಲು ಸ್ಪೀಕರ್‌ಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೇ. ಹಾಗಾದರೆ ಎಲ್ಲರೂ 91ರವನ್ನೇ ಯಾಕೆ ಮಾಡುವುದಿಲ್ಲ? ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಹೆಚ್ಚಿನ ಸೆನ್ಸಿಟಿವಿಟಿ ಮೂರೂ ಒಟ್ಟಿಗೆ ಸಿಗವು, ಒಂದನ್ನು ಬಿಡಲೇಬೇಕು. ಕೆಎಲ್‌ಎಚ್ ಎಂಬ ಅಮೆರಿಕದ ಸ್ಪೀಕರ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲಿ ಇದಕ್ಕೊಂದು ನಿಯಮವೇ ಇದೆ.

ನಮ್ಮ ಕಡೆಯವರು ಇನ್ನೊಂದು ಸಂಗತಿ ಲೆಕ್ಕಕ್ಕೆ ಹಿಡಿಯಬೇಕು: ಕರೆಂಟ್. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್‌ಗಳೆಲ್ಲ ಓಡುವ ಹೊತ್ತಿಗೆ ನಮ್ಮ ಬೀದಿಯಲ್ಲಿ 230 ಇರಬೇಕಾದ್ದು 190 ವೋಲ್ಟ್‌ಗೆ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ನ ಒಳಗಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಶಕ್ತಿ ಅದರ ವರ್ಗದಷ್ಟು ಕುಸಿಯುತ್ತದೆ. 40 ವಾಟ್ 27ಕ್ಕೆ, 70 ವಾಟ್ 48ಕ್ಕೆ. ಆ ಹೊತ್ತಿನಲ್ಲಿ ಕೇಳಿದರೆ ಹಳೆಯದಕ್ಕೂ ಪುಟಾಣಿಗೂ ವ್ಯತ್ಯಾಸ ಇರಲಿಲ್ಲ. ಪುಟಾಣಿಯ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಏನು ಬಂದರೂ 24 ವೋಲ್ಟನ್ನೇ ಕೊಡುತ್ತದೆ. ಈ ಒಂದು ಗುಣಕ್ಕೆ ನಾನು ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

"ಕಡಿಮೆ ವಾಟ್‌ನ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್‌ಗೆ ಅಪಾಯವಿಲ್ಲ" ಎಂದು ಅಂಗಡಿಯಲ್ಲಿ ಹೇಳುವುದುಂಟು. ಮಿತಿಯೊಳಗೆ ಓಡಿಸಿದರೆ ಅದು ಸರಿ. ಮಿತಿ ಮೀರಿಸಿ ಕ್ಲಿಪ್ ಮಾಡಿಸುತ್ತ ಹೋದರೆ ಸರಾಸರಿ ಶಕ್ತಿಯೂ ಏರುತ್ತದೆ, ಅದರಲ್ಲಿ ಮೇಲಿನ ಸ್ವರಗಳ ಪಾಲೂ ಹೆಚ್ಚುತ್ತದೆ. ಮೇಲಿನ ಸ್ವರ ನುಡಿಸುವ ಟ್ವೀಟರ್‌ನ ಕೂದಲೆಳೆಯಂಥ ತಂತಿಯ ಕಾಯಿಲ್ ಮೊದಲು ಸುಡುವುದು ಆಗಲೇ. ಸ್ಪೀಕರ್ ಮೇಲಿನ "100 ವಾಟ್" ಎಂಬುದು ಅದು ತಡೆಯುವ ಮಿತಿ. ಅಷ್ಟು ಕೊಡಲೇಬೇಕು ಎಂದೇನಿಲ್ಲ. ಜೋರು ಮಾಡಿದಾಗ ದನಿ ಒಡೆದರೆ ಆ ಕ್ಷಣವೇ ಇಳಿಸಿ.

ನನ್ನ ಸಣ್ಣ ಪೆಟ್ಟಿಗೆಗಳ ದನಿ ನನಗೆ ಇಷ್ಟ, ಅವನ್ನು ಬಿಡುವುದಿಲ್ಲ. ಹಾಗಾಗಿ ರಿಸೀವರ್ ಅವಕ್ಕೇ ಉಳಿಯಿತು, ಸ್ಟೆಬಿಲೈಸರ್ ಸಮೇತ. ಪುಟಾಣಿ ಭಾವಮೈದುನನ ಜತೆ ಚಿಂತಾಮಣಿಗೆ ಹೋಯಿತು. ಅವನ ಮನೆಯಲ್ಲಿ ಎರಡು ಸ್ಪೀಕರ್‌ಗೂ ಸೇರಿಸಿ ಒಂದೇ ಮೈನಸ್ ವೈರ್ ಎಳೆದಿದ್ದಾರೆ. ಈ ಚಿಪ್‌ನಲ್ಲಿ ಪ್ಲಸ್, ಮೈನಸ್ ಎರಡರಲ್ಲೂ ಸಿಗ್ನಲ್ ಇರುವುದರಿಂದ ಮೈನಸ್‌ಗಳನ್ನು ಒಂದು ಮಾಡುವಂತಿಲ್ಲ, ಅರ್ತ್‌ಗೂ ತಾಗಿಸುವಂತಿಲ್ಲ. ಗೆಳೆಯರು ಬ್ಯಾಟರಿಯ ಆಸಿಲೋಸ್ಕೋಪ್ ತಂದದ್ದೂ ಇದೇ ಕಾರಣಕ್ಕೆ: ಗೋಡೆಯ ಪ್ಲಗ್‌ಗೆ ಹಾಕುವ ಮಾಮೂಲಿ ಆಸಿಲೋಸ್ಕೋಪ್‌ನ ಮೈನಸ್ ಅರ್ತ್‌ಗೆ ಸೇರಿರುತ್ತದೆ. ಬೇರೆ ಬೇರೆ ಎರಡು ಜೋಡಿ ವೈರ್ ಎಳೆಸು ಎಂದು ಹೇಳಿ ಕಳಿಸಿದ್ದೇನೆ. 1.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಧಾರಾಳವಾಗಿ ಸಾಕು. ನಾಲ್ಕು ಮೀಟರ್ ಎಳೆದರೂ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ 0.1 ಓಮ್ ದಾಟುವುದಿಲ್ಲ.