ಚಿಪ್ ಟೆಸ್ಟ್ ಮಾಡಲು ರಾಸ್ಪ್‌ಬೆರಿ ಪೈ ಪೈಕೊ: ವರ್ಷಗಟ್ಟಲೆ ಬಳಸಿದ ಮೇಲೆ

ಹಲವರ ಸಣ್ಣ ಡಿಸೈನ್‌ಗಳನ್ನು ಒಂದೇ ಚಿಪ್‌ನಲ್ಲಿ ಸೇರಿಸಿ ಮಾಡಿಸಿಕೊಡುವ ಟೈನಿ ಟೇಪ್‌ಔಟ್ ಬಂದ ಮೇಲೆ ನಮ್ಮಂಥವರೂ ಸ್ವಂತ ಚಿಪ್ ಮಾಡಿಸಬಹುದು. ಆದರೆ ತಿಂಗಳುಗಟ್ಟಲೆ ಕಾದು ಕೈಗೆ ಬಂದ ಚಿಪ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡೋದು ಹೇಗೆ? ಫ್ಯಾಕ್ಟರಿಗಳ ಟೆಸ್ಟರ್ ನಮ್ಮ ಕೈಗೆಟುಕುವ ಮಾತಲ್ಲ. ನಾನು ನಂಬಿಕೊಂಡಿರುವುದು 2021ರಲ್ಲಿ 4 ಡಾಲರ್‌ಗೆ ಬಂದ ಪೈಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡನ್ನು. ಇದರ ಮಿದುಳು ಆರ್‌ಪಿ2040 ಎಂಬ ಚಿಪ್. ಟೈನಿ ಟೇಪ್‌ಔಟ್‌ನ ಹಲವು ಡೆಮೊ ಬೋರ್ಡ್‌ಗಳಲ್ಲೂ ಇದೇ ಆರ್‌ಪಿ2040 ಇದೆ. ಪೈಕೊ, ಟೈನಿ ಟೇಪ್‌ಔಟ್ ಚಿಪ್ ಎರಡರ ಪಿನ್‌ಗಳೂ 3.3 ವೋಲ್ಟ್, ಹಾಗಾಗಿ ವೈರ್ ನೇರವಾಗಿ ಸಿಕ್ಕಿಸಿದರೆ ಆಯ್ತು.

ಪೈಕೊದ ಜೀವಾಳ ಪಿಐಒ, ಅಂದರೆ ಮುಖ್ಯ ಪ್ರೊಸೆಸರ್‌ನ ಹಂಗಿಲ್ಲದೆ ಪಿನ್‌ಗಳನ್ನು ನಡೆಸುವ, ನಾವೇ ಪ್ರೋಗ್ರಾಂ ಬರೆಯಬಹುದಾದ ಪುಟ್ಟ ಘಟಕ. ಮೈಕ್ರೋಪೈಥಾನ್‌ನಲ್ಲಿ (ಮೈಕ್ರೋಕಂಟ್ರೋಲರ್‌ಗಳಿಗಾಗಿ ಇರುವ ಪೈಥಾನ್) ಪಿನ್ ಮೇಲೆ ಕೆಳಗೆ ಮಾಡುವುದು ಸುಲಭ, ಆದರೆ ಟೈಮಿಂಗ್‌ಗೆ ಗ್ಯಾರಂಟಿ ಇಲ್ಲ. ಪಿಐಒ ಹಾಗಲ್ಲ. 125 ಮೆಗಾಹರ್ಟ್ಸ್‌ನಲ್ಲಿ ಒಂದು ಇನ್‌ಸ್ಟ್ರಕ್ಷನ್‌ಗೆ 8 ನ್ಯಾನೋಸೆಕೆಂಡ್, ಪ್ರತಿ ಸಲವೂ ಅಷ್ಟೇ. ಅದಕ್ಕೆ ನಾನು ಹೇಳುವುದು ಇಷ್ಟೇ: 8 ಬಿಟ್ ಇನ್‌ಪುಟ್ ಇಡು, ಕ್ಲಾಕ್ ಏರಿಸು, 8 ಬಿಟ್ ಔಟ್‌ಪುಟ್ ಓದು, ಕ್ಲಾಕ್ ಇಳಿಸು. ಸಿಮ್ಯುಲೇಶನ್‌ಗೆ ಕೊಕೊಟಿಬಿಯಲ್ಲಿ (ಚಿಪ್ ಡಿಸೈನ್‌ಗೆ ಪೈಥಾನ್‌ನಲ್ಲಿ ಟೆಸ್ಟ್ ಬರೆಯುವ ಸಾಧನ) ಬರೆದ ಟೆಸ್ಟ್‌ನಿಂದ ಇನ್‌ಪುಟ್, ಔಟ್‌ಪುಟ್ ಪಟ್ಟಿ ತೆಗೆದು ಅದನ್ನೇ ಅಸಲಿ ಚಿಪ್ ಮೇಲೂ ಓಡಿಸುತ್ತೇನೆ. ಹೊಸದಾಗಿ ಟೆಸ್ಟ್ ಬರೆಯುವ ಗೋಳಿಲ್ಲ.

ಒಂದು ಕಡೆ ಮಾತ್ರ ಹುಷಾರು. ಆರ್‌ಪಿ2040ರ ಪಿಐಒಗೆ ಪಿನ್‌ನಿಂದ ಬರುವ ಸಿಗ್ನಲ್ ಮಾಮೂಲಾಗಿ ಎರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ದಾಟಿ ಬರುತ್ತದೆ, ಅಂದರೆ ಪೈಕೊದ ಎರಡು ಸೈಕಲ್ ತಡ. ಕ್ಲಾಕ್ ವೇಗ ಜಾಸ್ತಿ ಮಾಡಿದಾಗ ಚಿಪ್‌ನ ಕೌಂಟರ್ 5 ತೋರಿಸಬೇಕಾದಲ್ಲಿ 4 ಓದಿದರೆ ಚಿಪ್ ಮೇಲೆ ಅನುಮಾನ ಪಡಬೇಡಿ. ಓದುವ ಮೊದಲು ಎರಡು ಮೂರು ಸೈಕಲ್ ಸುಮ್ನೆ ಕಾಯಿಸಿ.

ಜೊತೆಗೆ 8 ಚಾನೆಲ್, 24 ಮೆಗಾಹರ್ಟ್ಸ್‌ನ ಅಗ್ಗದ ಲಾಜಿಕ್ ಅನಲೈಜರ್ (ಪಿನ್‌ಗಳ ಏರಿಳಿತ ದಾಖಲಿಸುವ ಉಪಕರಣ) ಒಂದಿದೆ. ಅದನ್ನು ನೋಡುವ ಸಾಫ್ಟ್‌ವೇರ್ ಪಲ್ಸ್‌ವ್ಯೂ ಉಚಿತ. ಆದರೆ ಎರಡು ಸ್ಯಾಂಪಲ್ ನಡುವೆ ಸುಮಾರು 42 ನ್ಯಾನೋಸೆಕೆಂಡ್. 10 ಮೆಗಾಹರ್ಟ್ಸ್ ಕ್ಲಾಕ್‌ಗೆ ಒಂದು ಸೈಕಲ್‌ನಲ್ಲಿ ಎರಡೋ ಮೂರೋ ಚುಕ್ಕಿ ಸಿಕ್ಕರೆ ಏನು ಕಾಣುತ್ತೆ ಹೇಳಿ? 4 ಮೆಗಾಹರ್ಟ್ಸ್‌ವರೆಗೆ ಪರವಾಗಿಲ್ಲ. ಬೇರೆ ಸಾಮಾನು ಸಿಕ್ಕಿಸಿರುವ ಯುಎಸ್‌ಬಿ ಹಬ್‌ಗೆ ಅನಲೈಜರ್ ಹಾಕಬೇಡಿ, ಮಧ್ಯೆ ನಿಂತುಹೋಗುತ್ತದೆ.

ಪೈಕೊ 2 ಯಾಕಲ್ಲ ಅಂತ ಕೇಳಬಹುದು. ಅದರ ಮಿದುಳಾದ ಆರ್‌ಪಿ2350ಯ ಎ2 ಆವೃತ್ತಿಯಲ್ಲಿ ಇ9 ಅನ್ನುವ ದೋಷವಿದೆ. ಎರಡೂ ದಿಕ್ಕಿನ ಪಿನ್ ಅನ್ನು ನಾವು ಟೆಸ್ಟ್ ಮಾಡುತ್ತಿರುವ ಚಿಪ್ ಕೈಬಿಟ್ಟಾಗ, ಆರ್‌ಪಿ2350 ಒಳಗಿನ ಪುಲ್‌ಡೌನ್ (ಪಿನ್ ಅನ್ನು ಸೊನ್ನೆಗೆ ಎಳೆಯುವ ರೆಸಿಸ್ಟರ್) ಇದ್ದರೂ ಅದು ಸೊನ್ನೆಗೆ ಇಳಿಯದೆ 2.2 ವೋಲ್ಟ್ ಹತ್ತಿರ ನೇತಾಡುತ್ತದೆ. ಟೆಸ್ಟರ್‌ಗೆ ಇದಕ್ಕಿಂತ ಕೆಟ್ಟ ಗುಣ ಬೇಕಾ? ನಾನಂತೂ ಹಳೆಯ ಪೈಕೊ ಬಿಟ್ಟಿಲ್ಲ.

ಕರೆಂಟ್ ಅಳೆಯಲು ಪೈಕೊದ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ನಂಬಬೇಡಿ, ಮಲ್ಟಿಮೀಟರ್ ಸಾಕು. ಚಿಪ್ ಎಷ್ಟು ವೇಗದವರೆಗೆ ಓಡುತ್ತದೆ ಅನ್ನುವುದಕ್ಕೂ ಪೈಕೊ ಪೂರ್ತಿ ಉತ್ತರ ಕೊಡುವುದಿಲ್ಲ, ಉದ್ದ ಜಂಪರ್ ವೈರ್‌ಗಳೇ ಮೊದಲು ಕೈ ಕೊಡುತ್ತವೆ. ಇನ್ನು 1.8 ವೋಲ್ಟ್ ಚಿಪ್ ಇದ್ದರೆ: ಆರ್‌ಪಿ2040 ಆ ವೋಲ್ಟೇಜ್‌ನಲ್ಲೂ ಕೆಲಸ ಮಾಡಬಲ್ಲದು, ಪೈಕೊ ಬೋರ್ಡ್‌ನಲ್ಲಿ ಮಾತ್ರ ಪಿನ್‌ಗಳನ್ನು 3.3ಕ್ಕೇ ಕಟ್ಟಿಹಾಕಿದ್ದಾರೆ. ಮಧ್ಯೆ ವೋಲ್ಟೇಜ್ ಬದಲಿಸಿಕೊಡುವ ಲೆವೆಲ್ ಶಿಫ್ಟರ್ ಬೇಕು. ಸಿಗ್ನಲ್ ಯಾವ ಕಡೆಗೆ ಹೋಗುತ್ತಿದೆ ಅಂತ ತಾನೇ ಊಹಿಸುವಂಥದ್ದು ಬೇಡ, ನಾವು ಹೇಳಿದಂತೆ ಕೇಳುವಂಥದ್ದು ತಗೊಳ್ಳಿ.