ಯಕ್ಷಗಾನದ ಆಟಕ್ಕೆ, ತೆಯ್ಯಂಗೆ ಕ್ಯಾಮೆರಾದ ಯಾವ ಮೋಡ್? ಮೂರನ್ನೂ ಬಳಸಿದ ಮೇಲೆ ನನ್ನ ಆಯ್ಕೆ

ಮ್ಯಾನ್ಯುವಲ್ ಮೋಡ್, ಜೊತೆಗೆ ಆಟೋ ಐಎಸ್‌ಓ. ಅಂದರೆ ಶಟರ್ ವೇಗ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬಿಡುವ ಕಂಡಿ) ಎರಡನ್ನೂ ನಾವೇ ಇಡುವುದು, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಕ್ಯಾಮೆರಾಕ್ಕೇ ಬಿಡುವುದು. ನನಗೆ ಒಗ್ಗಿದ್ದು ಇದು. ಕ್ಯಾಮೆರಾ ಬದಲಿಸಿದ್ದೂ ಇದಕ್ಕಾಗಿಯೇ, ಕೊಟ್ಟ ದುಡ್ಡು ಸಾರ್ಥಕ ಅನಿಸಿದೆ.

ನಮ್ಮ ಕಾಸರಗೋಡಿನ ಕಡೆ ಫೋಟೋ ತೆಗೆಯಬೇಕಾದದ್ದೆಲ್ಲ ರಾತ್ರಿಯೇ. ಒಂದೂರಲ್ಲಿ ಯಕ್ಷಗಾನ, ಪಕ್ಕದೂರಲ್ಲಿ ತೆಯ್ಯಂ (ದೈವದ ವೇಷ ಕಟ್ಟಿ ಕುಣಿಯುವ ಆಚರಣೆ). ಫ್ಲ್ಯಾಶ್ ಹಾಕುವ ಮಾತೇ ಇಲ್ಲ. ವೇಷಧಾರಿಗೂ ತೊಂದರೆ, ನೋಡುವವರಿಗೂ ತೊಂದರೆ.

ಮೊದಲು ಬಳಸಿದ್ದು ಅಪರ್ಚರ್ ಪ್ರಯಾರಿಟಿ. ಅಪರ್ಚರ್ ನಾವಿಟ್ಟರೆ ಶಟರ್ ಕ್ಯಾಮೆರಾದ ಲೆಕ್ಕ. ಹಗಲಿಗೆ ಚೆನ್ನಾಗಿದೆ. ರಾತ್ರಿ ಐಎಸ್‌ಓ ನಾವಿಟ್ಟ ಮಿತಿ ಮುಟ್ಟಿದ ಕೂಡಲೇ ಕ್ಯಾಮೆರಾ ಶಟರನ್ನು ನಿಧಾನ ಮಾಡುತ್ತದೆ. 1/30 ಸೆಕೆಂಡಿಗೆ ಇಳಿದರೆ ಧೀಂಗಿಣ (ಗಿರಕಿ ಹೊಡೆಯುವ ಕುಣಿತ) ಹಾಕುವ ವೇಷ ಬರೀ ಬಣ್ಣದ ಗೆರೆಯಾಗುತ್ತದೆ. ಐಎಸ್‌ಓ 6400ರ ಕಾಳುಕಾಳನ್ನು ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ಆಮೇಲೆ ತಗ್ಗಿಸಬಹುದು, ಅಲುಗಾಡಿದ ಮುಖವನ್ನು ಸರಿ ಮಾಡಲಾಗದು.

ಐಎಸ್‌ಓ ಸಹಿತ ಎಲ್ಲವನ್ನೂ ಕೈಯಲ್ಲೇ ಇಡುವುದು ಎರಡನೆಯದು. ರಂಗಸ್ಥಳದ ಬೆಳಕು ರಾತ್ರಿಯಿಡೀ ಒಂದೇ ಥರ ಇದ್ದರೆ ಇದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ತೆಯ್ಯಂನಲ್ಲಿ ಸೂಟೆ (ಗರಿಯ ಪಂಜು) ಹತ್ತಿರ ಬಂದಾಗ ಒಂದು ಬೆಳಕು, ದೂರ ಹೋದಾಗ ಇನ್ನೊಂದು. ಚಕ್ರ ತಿರುಗಿಸುವಷ್ಟರಲ್ಲಿ ಕ್ಷಣ ದಾಟಿರುತ್ತದೆ.

ಮೂರನೆಯದು ಮೊದಲೇ ಹೇಳಿದ ಮ್ಯಾನ್ಯುವಲ್, ಆಟೋ ಐಎಸ್‌ಓ ಜೋಡಿ. ಇದರಲ್ಲಿ ಶಟರ್ 1/250, ಅಪರ್ಚರ್ ಎಫ್/2 (ಎಫ್ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು). ಎರಡೂ ಅಲ್ಲಾಡುವುದಿಲ್ಲ. ಬೆಳಕು ಬದಲಾದಂತೆ ಐಎಸ್‌ಓ ಮಾತ್ರ ಏರಿಳಿಯುತ್ತದೆ. ಆದರೆ ಹಳೆಯ ಕ್ಯಾಮೆರಾದಲ್ಲಿ ಇದರಿಂದಲೇ ರೋಸಿಹೋಗಿದ್ದೆ.

ಏನೆಂದರೆ, ಚೌಕಟ್ಟಿನ ಒಟ್ಟು ಬೆಳಕನ್ನು ಮಧ್ಯಮ ಬೂದುಬಣ್ಣಕ್ಕೆ ತರಲು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಹೆಣಗುತ್ತದೆ. ಹಿಂದೆ ಮುಕ್ಕಾಲು ಪಾಲು ಕಗ್ಗತ್ತಲೆ ಇದ್ದರೆ ಬೆಳಕು ಸಾಲದು ಎಂದುಕೊಂಡು ಐಎಸ್‌ಓ ಏರಿಸುತ್ತದೆ. ಆಗ ಮುಖದ ಬಣ್ಣ ಸುಟ್ಟುಹೋಗುತ್ತದೆ. ಕೆಂಪಿಗಂತೂ ಜಾಸ್ತಿ ಪೆಟ್ಟು: ಸೂಕ್ಷ್ಮವಾಗಿ ಬರೆದ ಗೆರೆಗಳೆಲ್ಲ ಅಳಿಸಿ ಕೆಂಪು ಮುದ್ದೆ ಉಳಿಯುತ್ತದೆ. ಆ ಮುಖವರ್ಣಿಕೆಗೆ ಎಷ್ಟು ಹೊತ್ತಿನ ಕೆಲಸ ಹಿಡಿಯುತ್ತದೆಂದು ಕೂತು ನೋಡಿದವರಿಗೆ ಇದು ಸಣ್ಣ ನಷ್ಟ ಅಲ್ಲ.

ಇದಕ್ಕೆ ಮದ್ದು ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಮೀಟರ್ ಹೇಳಿದ್ದಕ್ಕಿಂತ ಫೋಟೋ ಕತ್ತಲಾಗಲಿ ಅಥವಾ ಬೆಳಕಾಗಲಿ ಎಂದು ಕ್ಯಾಮೆರಾಕ್ಕೆ ಹೇಳುವುದು. ಮೈನಸ್ 1 ಕೊಟ್ಟರೆ ಸಾಕು. ಆದರೆ ಹಳೆಯ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮ್ಯಾನ್ಯುವಲ್‌ಗೆ ಹೋದೊಡನೆ ಆ ಸೌಲಭ್ಯ ಇಲ್ಲ! ಅದೇ ಬಟನ್ ಒತ್ತಿ ಚಕ್ರ ತಿರುಗಿಸಿದರೆ ಅಪರ್ಚರ್ ಬದಲಾಗುತ್ತಿತ್ತು. ಸ್ಪಾಟ್ ಮೀಟರಿಂಗ್ (ಒಂದೇ ಬಿಂದುವಿನ ಬೆಳಕು ಅಳೆಯುವುದು) ಇಟ್ಟೂ ನೋಡಿದೆ. ವೇಷ ತಿರುಗಿದಾಗ ಬಿಂದು ಒಮ್ಮೆ ಕಿರೀಟದ ಮೇಲೆ, ಒಮ್ಮೆ ಕತ್ತಲೆಯ ಮೇಲೆ. ಸಾಲಾಗಿ ತೆಗೆದ ಫೋಟೋಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಈಗಿನದ್ದರಲ್ಲಿ ಕಾಂಪೆನ್ಸೇಶನ್‌ಗೆ ಬೇರೆಯೇ ಚಕ್ರವಿದೆ. ಹೆಬ್ಬೆರಳು ಆಡಿಸಿದರೆ ಮುಗಿಯಿತು.

ಎಲ್‌ಇಡಿ ಬೆಳಕಲ್ಲಿ ಅಡ್ಡ ಪಟ್ಟಿ ಬಂದರೆ ಶಟರನ್ನು 1/100ಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಇದು ಹೆಚ್ಚಾಗಿ ಕೆಲಸ ಮಾಡುತ್ತದೆ.

ಎಫ್/2.8ರ ಜೂಮ್ ನನ್ನ ಬಜೆಟ್‌ಗೆ ದೂರ. 50 ಮಿಲಿಮೀಟರಿನ ಎಫ್/1.8 ಲೆನ್ಸ್ ಸಾಕಾಗಿದೆ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮುಂದಿನ ಸಾಲಲ್ಲಿ ಕೂರುವ ಅಭ್ಯಾಸ ಇದ್ದರೆ ಜೂಮ್ ಯಾಕೆ, ಅಲ್ವಾ?

ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವುದಾದರೆ ಅಂಗಡಿಯಲ್ಲೇ ಪರೀಕ್ಷಿಸಿ. ಮೋಡ್ ಎಮ್ (ಮ್ಯಾನ್ಯುವಲ್), ಐಎಸ್‌ಓ ಆಟೋ. ಕ್ಯಾಮೆರಾವನ್ನು ಒಂದೇ ಕಡೆ ಹಿಡಿದು ಕಾಂಪೆನ್ಸೇಶನ್ ಮೈನಸ್ 1ಕ್ಕೆ ತನ್ನಿ. ಐಎಸ್‌ಓ ಅಂಕಿ ಅರ್ಧಕ್ಕಿಳಿದರೆ ದುಡ್ಡು ಕೊಡಿ. ಅಪರ್ಚರ್ ಬದಲಾದರೆ ವಾಪಸ್ ಇಟ್ಟುಬಿಡಿ.