ಬಾಯಿಯಿಂದ ಮದ್ದು ತುಂಬುವ ರೈಫಲ್‌ಗೆ ಯಾವ ಗುಂಡು? ಪೆನ್ಸಿಲ್ವೇನಿಯಾದ ಜಿಂಕೆ ಬೇಟೆಯಲ್ಲಿ ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಬಾರ್ನ್ಸ್ ಕಂಪನಿಯ ಸ್ಪಿಟ್‌ಫೈರ್ ಟಿ-ಈಝೀ ಎಂಬ 250 ಗ್ರೇನ್ (ಸುಮಾರು 16 ಗ್ರಾಂ) ತೂಕದ ತಾಮ್ರದ ಗುಂಡನ್ನು ನಾನು 50 ಕ್ಯಾಲಿಬರಿನ, ಅಂದರೆ ಅರ್ಧ ಇಂಚು ಅಗಲದ ನಳಿಗೆಯ, ಸಿವಿಎ ಆಪ್ಟಿಮಾ ಎಂಬ ಮಝಲ್‌ಲೋಡರಿನಲ್ಲಿ (ಬಾಯಿಯಿಂದ ಮದ್ದು ತುಂಬುವ ರೈಫಲ್‌ನಲ್ಲಿ) ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮಧ್ಯ ಪೆನ್ಸಿಲ್ವೇನಿಯಾದ ಓಕ್ ಕಾಡುಗಳಲ್ಲಿ ನೂರು ಗಜದೊಳಗೆ ಬಿಳಿಬಾಲದ ಜಿಂಕೆಗೆ ಗುರಿಯಿಡುವವರಿಗೆ ಇದಕ್ಕಿಂತ ನಂಬಿಕೆಗೆ ಅರ್ಹವಾದ ಗುಂಡನ್ನು ನಾನು ಕಂಡಿಲ್ಲ. ಆದರೆ ನಿಮ್ಮ ನಳಿಗೆಯ ಒಳಗೆ ಏನಿದೆ ಎಂಬುದನ್ನು ತಿಳಿಯದೆ ಈ ಒಂದು ಮಾತನ್ನೇ ನಂಬಿ ಅಂಗಡಿಗೆ ಹೋಗಬೇಡಿ. ಒಬ್ಬರ ರೈಫಲ್‌ನಲ್ಲಿ ಒಂದೇ ರಂಧ್ರಕ್ಕೆ ಬಿದ್ದಂತೆ ಕೂರುವ ಗುಂಡು ಇನ್ನೊಬ್ಬರ ರೈಫಲ್‌ನಲ್ಲಿ ಒಂದು ಅಡಿ ಆಚೀಚೆ ಹೋಗುವುದನ್ನು ಈ ಹವ್ಯಾಸದಲ್ಲಿರುವವರೆಲ್ಲ ನೋಡಿರುತ್ತಾರೆ.

ಮಝಲ್‌ಲೋಡರ್ ಬೇಟೆಯಲ್ಲಿ ಕೈಗೆ ಸಿಗುವುದು ಒಂದೇ ಈಡು. ಗುಂಡು ಹಾರಿದ ಕ್ಷಣ ಕಣ್ಣೆದುರು ಹೊಗೆ ಕವಿದು, ಜಿಂಕೆ ಬಿತ್ತೋ ಓಡಿತೋ, ಓಡಿದ್ದರೆ ಯಾವ ಕಡೆಗೆ ಓಡಿತೋ ಎಂಬುದೇ ಕಾಣಿಸುವುದಿಲ್ಲ. ಮತ್ತೆ ಮದ್ದು ಸುರಿದು, ಗುಂಡು ಜಡಿದು, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಇಟ್ಟು ಎದ್ದು ನಿಲ್ಲುವ ಹೊತ್ತಿಗೆ ಅದು ಇಳಿಜಾರನ್ನು ದಾಟಿರುತ್ತದೆ. ಎರಡೂ ಶ್ವಾಸಕೋಶಗಳನ್ನು ಸೀಳಿದ ಗುಂಡು ತಿಂದ ಜಿಂಕೆಯೂ ಐವತ್ತು, ನೂರು ಗಜ ಓಡಿಯೇ ಬೀಳುವುದು ಸಾಮಾನ್ಯ. ಅಕ್ಟೋಬರಿನಲ್ಲಿ ನೆಲದ ತುಂಬ ಕೆಂಪು, ಕಂದು ಎಲೆಗಳು ಹಾಸಿರುತ್ತವೆ. ಅವುಗಳ ಮೇಲೆ ರಕ್ತದ ಹನಿಯನ್ನು ಗುರುತಿಸುವುದು ಹಗಲಲ್ಲೇ ಕಷ್ಟ, ಮುಸ್ಸಂಜೆಯಲ್ಲಿ ಇನ್ನೂ ಕಷ್ಟ. ಗುಂಡು ಒಳಗೇ ನಿಂತುಬಿಟ್ಟರೆ ಹೊಕ್ಕ ತೂತನ್ನು ಕೂದಲು ಮತ್ತು ಕೊಬ್ಬು ಮುಚ್ಚಿ, ಹನಿಯೂ ಸಿಗದೆ ಹೋಗಬಹುದು. ಆದ್ದರಿಂದ ನಾನು ಯಾವ ಗುಂಡನ್ನಾದರೂ ಮೊದಲು ಅಳೆಯುವುದು ಅದು ಆಚೆಯ ಬದಿಯಿಂದ ಹೊರಬರುತ್ತದೆಯೇ ಎಂಬುದರಿಂದ. ಪೊಟ್ಟಣದ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾದ ವೇಗಕ್ಕೆ ನಾನು ಕೊಡುವ ಬೆಲೆ ಕಡಿಮೆ. 250 ಗ್ರೇನಿನ ಗುಂಡು ಸೆಕೆಂಡಿಗೆ 1,800 ಅಡಿ ವೇಗದಲ್ಲಿ ಹೊರಟರೆ ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 1,800 ಅಡಿ-ಪೌಂಡ್. ಬಿಳಿಬಾಲದ ಜಿಂಕೆಗೆ ಅದು ಬೇಕಾದಷ್ಟು ಆಯಿತು. ಅದರ ಮೇಲೆ ಇನ್ನಷ್ಟು ಮದ್ದು ಸುರಿಯುವುದರಿಂದ ಹೆಗಲಿಗೆ ಪೆಟ್ಟು ಹೆಚ್ಚುತ್ತದೆಯೇ ಹೊರತು ಜಿಂಕೆ ಬೇಗ ಬೀಳುವುದಿಲ್ಲ.

ನಳಿಗೆಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಕೇಪಿನ ಕೋವಿಯನ್ನು ನೋಡಿ ಬೆಳೆದ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಕೋವಿಗಳ ನಳಿಗೆ ಒಳಗೆ ನುಣುಪು. ಚರೆಯನ್ನೂ ತುಂಬಬಹುದು, ಒಂಟಿ ಗುಂಡನ್ನೂ ತುಂಬಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಲ್ಲಿ ಬೇಟೆ ಅಪರಾಧವಾಗಿದ್ದು, ಕೊಡಗಿನ ಕೋವಿಗಳು ಕೈಲ್‌ಪೊಳ್ದ್ ಹಬ್ಬದ ಪೂಜೆಗೆ ಮತ್ತು ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಹೊರಬರುತ್ತವೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಳಸುವ ಮಝಲ್‌ಲೋಡರುಗಳು ಬಹುಮಟ್ಟಿಗೆ ರೈಫಲ್‌ಗಳು. ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿದ್ದು, ಅವು ಗುಂಡನ್ನು ತಿರುಗಿಸಿ ಕಳುಹಿಸುತ್ತವೆ. ಆ ಸುರುಳಿ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಎಂಬುದೇ ಗುಂಡಿನ ಆಯ್ಕೆಯ ಅರ್ಧ ಭಾಗವನ್ನು ತೀರ್ಮಾನಿಸಿಬಿಡುತ್ತದೆ.

ಉದ್ದನೆಯ ಗುಂಡು ನೇರವಾಗಿ ಹಾರಲು ಬಿಗಿಯಾದ ಸುತ್ತು ಬೇಕು, ಉರುಟಾದ ಗುಂಡಿಗೆ ನಿಧಾನವಾದ ಸುತ್ತು ಸಾಕು. ಮದ್ದಿನ ನೇರ ಹಿಂದಿನಿಂದ ಕಿಡಿ ತಾಗುವ ಈ ಕಾಲದ ಇನ್‌ಲೈನ್ ಮಝಲ್‌ಲೋಡರುಗಳಲ್ಲಿ, ನನ್ನ ಆಪ್ಟಿಮಾದಲ್ಲೂ, 28 ಇಂಚಿಗೆ ಒಂದು ಸುತ್ತು ಇರುತ್ತದೆ. ಇದು ಉದ್ದ ಗುಂಡುಗಳಿಗೆಂದೇ ಮಾಡಿದ ನಳಿಗೆ. ಬಟ್ಟೆ ಸುತ್ತಿದ ಉರುಟು ಗುಂಡಿಗಾಗಿ ಮಾಡಿದ ಹಳೆಯ ಮಾದರಿಗಳಲ್ಲಿ 60 ಅಥವಾ 66 ಇಂಚಿಗೆ ಒಂದು ಸುತ್ತು. ಥಾಂಪ್ಸನ್ ಸೆಂಟರ್ ಕಂಪನಿಯ ಹಾಕನ್ ರೈಫಲ್‌ನಂತಹವುಗಳಲ್ಲಿ 48 ಇಂಚಿಗೆ ಒಂದು ಸುತ್ತು ಕೊಟ್ಟು, ಉರುಟು ಗುಂಡನ್ನೂ ಗಿಡ್ಡನೆಯ ಸೀಸದ ಗುಂಡನ್ನೂ ತಕ್ಕಮಟ್ಟಿಗೆ ಹಾರಿಸುವ ನಡುದಾರಿ ಹಿಡಿದಿದ್ದರು. ಗುಂಡು ಕೊಳ್ಳುವ ಮೊದಲು ನಿಮ್ಮ ನಳಿಗೆಯ ಮೇಲೆ ಕೆತ್ತಿರುವ ಅಥವಾ ಕೈಪಿಡಿಯಲ್ಲಿ ಬರೆದಿರುವ ಈ ಅಂಕಿಯನ್ನು ನೋಡಿಕೊಳ್ಳಿ.

ಪೂರ್ತಿ ಸೀಸದ ಮೊನಚು ಗುಂಡುಗಳಲ್ಲಿ ನಾನು ಹೆಚ್ಚು ಬಳಸಿದ್ದು ಹಾರ್ನಡಿಯ 385 ಗ್ರೇನಿನ ಗ್ರೇಟ್ ಪ್ಲೇನ್ಸ್. ಇದರ ಬುಡ ಟೊಳ್ಳಾಗಿದ್ದು, ಮದ್ದಿನ ಒತ್ತಡಕ್ಕೆ ಅಗಲಗೊಂಡು ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಹೊಡೆತ ಭಾರವಾಗಿದ್ದು, ಮೂಳೆಯನ್ನೂ ಮುರಿದು ಆಚೆಗೆ ಹೋಗುತ್ತದೆ. ಹೊರಬರುವ ತೂತೂ ದೊಡ್ಡದು. ಎಪ್ಪತ್ತೈದು ಗಜದೊಳಗಿನ ದಟ್ಟ ಪೊದೆಯ ಕಾಡಿಗೆ ಇದು ಈಗಲೂ ಒಳ್ಳೆಯ ಗುಂಡು ಎಂದೇ ನಾನು ಹೇಳುತ್ತೇನೆ. ಅದರಾಚೆಗೆ ಮಾತ್ರ ಅದು ಬೇಗ ಕೆಳಗಿಳಿಯುವುದರಿಂದ ದೂರದ ಅಂದಾಜಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಗುಂಡು ಎದೆಯ ಕೆಳಗೆ ಹಾದುಹೋಗುತ್ತದೆ. ಸೀಸದ ಈ ಬಗೆಯ ಗುಂಡುಗಳೆಲ್ಲಕ್ಕೂ ಇರುವ ಇನ್ನೊಂದು ಸ್ವಭಾವವನ್ನು ಹೊಸಬರಿಗೆ ಒತ್ತಿ ಹೇಳಬೇಕು: ನಳಿಗೆಯ ಬಾಯಿ ಕೆಳಗೆ ಮಾಡಿ ಇಡೀ ದಿನ ಬೆಟ್ಟ ಹತ್ತಿಳಿದರೆ ಗುಂಡು ಮದ್ದಿನಿಂದ ಮುಂದಕ್ಕೆ ಜಾರಬಹುದು. ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಟ್ಟು ಹಾರಿಸಿದರೆ ನಳಿಗೆ ಉಬ್ಬುವ, ಒಡೆಯುವ ಅಪಾಯವಿದೆ. ಸರಿಯಾಗಿ ತುಂಬಿದಾಗ ಜಡಿಯುವ ಕೋಲು ಎಷ್ಟು ಒಳಗೆ ಹೋಗುತ್ತದೆ ಎಂಬುದಕ್ಕೆ ಕೋಲಿನ ಮೇಲೆ ಗುರುತು ಹಾಕಿಟ್ಟುಕೊಂಡು, ಹೊತ್ತುಹೊತ್ತಿಗೆ ಪರೀಕ್ಷಿಸುವುದು ಯಾವ ಗುಂಡು ಬಳಸಿದರೂ ಬಿಡಬಾರದ ಅಭ್ಯಾಸ.

ಸ್ಯಾಬೊ ಎಂಬ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರುವ ಗುಂಡುಗಳು ಇಂದು ಅಂಗಡಿಯ ಹೆಚ್ಚಿನ ಜಾಗವನ್ನು ತುಂಬಿವೆ. ಇಲ್ಲಿ 50 ಕ್ಯಾಲಿಬರಿನ ನಳಿಗೆಯಲ್ಲಿ ಹೋಗುವುದು 45 ಕ್ಯಾಲಿಬರಿನ ಗುಂಡು. ಗೀರುಗಳನ್ನು ಹಿಡಿದು ತಿರುಗುವುದು ಪ್ಲಾಸ್ಟಿಕ್. ನಳಿಗೆಯಿಂದ ಹೊರಬಂದೊಡನೆ ಬಟ್ಟಲು ಕಳಚಿಬೀಳುತ್ತದೆ. ಗುಂಡು ಹಗುರವಾದ್ದರಿಂದ ವೇಗ ಹೆಚ್ಚು, ಹಾದಿ ನೇರ. ಹಾರ್ನಡಿಯ 300 ಗ್ರೇನಿನ ಎಕ್ಸ್‌ಟಿಪಿ ಈ ವರ್ಗದಲ್ಲಿ ನನಗೆ ಮೆಚ್ಚಿಕೆಯಾದದ್ದು. ಮೂಲತಃ ದೊಡ್ಡ ಪಿಸ್ತೂಲುಗಳಿಗೆ ಮಾಡಿದ ಈ ಗುಂಡು ಮಝಲ್‌ಲೋಡರಿನ ವೇಗದಲ್ಲಿ ಹದವಾಗಿ ಅಗಲವಾಗುತ್ತದೆ, ಬೆಲೆಯೂ ಹಗುರ. ಆದರೆ ಸೀಸದ ತಿರುಳಿಗೆ ತೆಳುವಾದ ತಾಮ್ರದ ಹೊದಿಕೆ ಹಾಕಿ, ತುದಿಗೆ ಪ್ಲಾಸ್ಟಿಕ್ ಮೊಳೆ ಸೇರಿಸಿದ ಗುಂಡುಗಳ ಬಗ್ಗೆ ಎಚ್ಚರ ಬೇಕು. ಅಂತಹ ಒಂದು ಗುಂಡು, ಹೆಸರು ಬೇಡ, ಮೂವತ್ತು ಗಜದಲ್ಲಿ ಭುಜದ ಮೂಳೆಗೆ ಬಡಿದು ಅಲ್ಲೇ ಚೂರುಚೂರಾಯಿತು. ಜಿಂಕೆ ಸಿಕ್ಕಿತು, ಆದರೆ ಆಚೆಯ ಬದಿಯಲ್ಲಿ ತೂತೇ ಇರಲಿಲ್ಲ. ಮುಂಗಾಲಿನ ಮಾಂಸವನ್ನೆಲ್ಲ ಕತ್ತರಿಸಿ ಎಸೆಯಬೇಕಾಯಿತು. ದೂರದ ಹೊಡೆತಕ್ಕೆಂದು ಬೇಗ ಅರಳುವಂತೆ ಮಾಡಿದ ಗುಂಡನ್ನು ಹತ್ತಿರದಿಂದ, ಅದೂ ಭಾರಿ ಮದ್ದಿನೊಂದಿಗೆ ಹಾರಿಸಿದರೆ ಹೀಗಾಗುವುದು ಸಹಜವೇ. ನಾವು ಬೇಟೆಯಾಡುವ ಕಾಡಿನಲ್ಲಿ ಎಲ್ಲ ಅವಕಾಶಗಳೂ ಹತ್ತಿರದವೇ ಆಗಿರುವುದರಿಂದ ಅಂತಹ ಗುಂಡು ನಮಗೆ ಹೊಂದುವುದಿಲ್ಲ.

ಟಿ-ಈಝೀ ನನ್ನನ್ನು ಗೆದ್ದದ್ದು ಇಲ್ಲಿಯೇ. ಇದೂ ಸ್ಯಾಬೊದಲ್ಲಿಯೇ ಕೂರುತ್ತದೆ, ತುದಿಯಲ್ಲಿ ಪ್ಲಾಸ್ಟಿಕ್ ಮೊಳೆಯೂ ಇದೆ, ಆದರೆ ಗುಂಡು ಪೂರ್ತಿ ತಾಮ್ರ. ಬೇರ್ಪಡಲು ಒಳಗೆ ತಿರುಳೂ ಇಲ್ಲ, ಹೊರಗೆ ಹೊದಿಕೆಯೂ ಇಲ್ಲ. ಒಳಹೊಕ್ಕಾಗ ತುದಿ ಆರು ಎಸಳುಗಳಾಗಿ ಬಿರಿದು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಬುಡ ಹಾಗೆಯೇ ಮುಂದೆ ಸಾಗುತ್ತದೆ. ಪಕ್ಕೆಲುಬಿಗೆ ತಗುಲಿರಲಿ, ಭುಜಕ್ಕೆ ತಗುಲಿರಲಿ, ಗುಂಡು ಆಚೆಗೆ ಹೋಗಿ ರಕ್ತದ ಜಾಡು ಬಿಟ್ಟಿದೆ. ತಾಮ್ರದ ಸಾಂದ್ರತೆ ಸೀಸಕ್ಕಿಂತ ಕಡಿಮೆಯಾದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಿರುತ್ತದೆ; 28 ಇಂಚಿನ ಸುತ್ತಿಗೆ ಅದು ಸರಿಯಾಗಿ ಒಪ್ಪುತ್ತದೆ. ಇದೇ ಗುಂಡಿನಲ್ಲಿ 290 ಗ್ರೇನಿನದೂ ಸಿಗುತ್ತದೆ. ಎಲ್ಕ್‌ನಂತಹ ದೊಡ್ಡ ಪ್ರಾಣಿಗೆ ಅದು ಸರಿ, ಜಿಂಕೆಗೆ 250 ಸಾಕು.

ತಾಮ್ರವನ್ನು ಆರಿಸಲು ಇನ್ನೊಂದು ಕಾರಣವಿದೆ, ನನಗೆ ಅದು ಮೊದಲನೆಯದಕ್ಕಿಂತಲೂ ದೊಡ್ಡದು. ನಮ್ಮ ಮನೆಯಲ್ಲಿ ಈ ಮಾಂಸವನ್ನು ಮಕ್ಕಳೂ ತಿನ್ನುತ್ತಾರೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬೇಟೆಗಾರರು ದಾನ ಮಾಡಿದ ಜಿಂಕೆ ಮಾಂಸದ ಪೊಟ್ಟಣಗಳಲ್ಲಿ ಸೀಸದ ಚೂರುಗಳು ಕಂಡುಬಂದು, ಆ ಮಾಂಸವನ್ನು ಬಡವರಿಗೆ ಹಂಚದಂತೆ ಅಲ್ಲಿನ ಆರೋಗ್ಯ ಇಲಾಖೆ ಸೂಚಿಸಿತು. ಅದೇ ವರ್ಷ ಮಿನ್ನೆಸೋಟಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯು ಕುರಿಗಳ ಕಳೇಬರಗಳಿಗೆ ಬಗೆಬಗೆಯ ಗುಂಡು ಹಾರಿಸಿ ಪರೀಕ್ಷಿಸಿದಾಗ, ಬೇಗ ಅರಳುವ ಸೀಸದ ಗುಂಡುಗಳ ಚೂರುಗಳು ಗಾಯದಿಂದ ಬಹಳ ದೂರದ ಮಾಂಸದಲ್ಲೂ ಸಿಕ್ಕವು; ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದಷ್ಟು, ಹಲ್ಲಿಗೆ ತಾಗದಷ್ಟು ಸಣ್ಣವು. ಮಝಲ್‌ಲೋಡರಿನ ನಿಧಾನ ಗುಂಡು ಆಧುನಿಕ ರೈಫಲಿನ ಗುಂಡಿನಷ್ಟು ಚೂರಾಗುವುದಿಲ್ಲ ಎಂಬುದು ನಿಜ. ಆದರೂ ಬೆಳೆಯುವ ಮಕ್ಕಳ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು ವೈದ್ಯಲೋಕ ಹೇಳುತ್ತಿರುವಾಗ, ಆಯ್ಕೆ ಕೈಯಲ್ಲಿರುವವರು ತಾಮ್ರದ ಕಡೆಗೆ ಹೋಗಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಪೆನ್ಸಿಲ್ವೇನಿಯಾದಲ್ಲಿ ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್ ಎಂಬ ಸಂಸ್ಥೆಯ ಮೂಲಕ ಮಾಂಸ ದಾನ ಮಾಡುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅದನ್ನು ತಿನ್ನುವವರಿಗೆ ಯಾವ ಗುಂಡು ಬಳಸಿದ್ದರೆಂದು ಕೇಳುವ ಅವಕಾಶವೇ ಇರುವುದಿಲ್ಲ.

ಮದ್ದಿನ ಆಯ್ಕೆಯನ್ನು ಗುಂಡಿನಿಂದ ಬೇರೆಯಾಗಿ ನೋಡಲಾಗದು. ಟ್ರಿಪಲ್ ಸೆವೆನ್ ಮದ್ದಿನೊಂದಿಗೆ ಮೊದಲ ಗುಂಡು ಸಲೀಸಾಗಿ ಇಳಿಯುತ್ತದೆ, ಆದರೆ ಒಮ್ಮೆ ಹಾರಿಸಿದ ಮೇಲೆ ನಳಿಗೆಯ ತಳದ ಬಳಿ ಗಟ್ಟಿಯಾದ ಮಸಿಯ ಉಂಗುರ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಎರಡನೆಯ ಸ್ಯಾಬೊ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಲ್ಯಾಕ್‌ಹಾರ್ನ್ 209 ಎಂಬ ಇನ್ನೊಂದು ಮದ್ದಿನಲ್ಲಿ ಈ ತೊಂದರೆ ಬಹಳ ಕಡಿಮೆ. ಒರೆಸದೆ ಒಂದರ ಹಿಂದೊಂದು ತುಂಬಬಹುದು. ಅದು ಹೊತ್ತಿಕೊಳ್ಳಲು ಬಿಸಿಯಾದ 209 ಪ್ರೈಮರ್ ಬೇಕು, ಬೆಲೆ ಹೆಚ್ಚು, ಶುಚಿಗೊಳಿಸಲು ನೀರಿನ ಬದಲು ತಕ್ಕ ದ್ರಾವಣವೇ ಬೇಕು. ನಾನು ಅಳತೆಯ ಕೊಳವೆಯಲ್ಲಿ 100 ಗ್ರೇನ್ ಹಾಕುತ್ತೇನೆ. ಇದು ಗಾತ್ರದ ಅಳತೆ, ತಕ್ಕಡಿಯ ತೂಕವಲ್ಲ. ಬ್ಲ್ಯಾಕ್‌ಹಾರ್ನ್‌ನಲ್ಲಿ ಈ ಎರಡಕ್ಕೂ ಬಹಳ ಅಂತರವಿದೆ. ರೈಫಲ್ ತಯಾರಕರ ಕೈಪಿಡಿಯಲ್ಲಿ ಬರೆದ ಮಿತಿಯೇ ಅಂತಿಮ. ಸಾಮಾನ್ಯ ಹೊಗೆರಹಿತ ಮದ್ದನ್ನು ಇಂತಹ ನಳಿಗೆಗೆ ಯಾವ ಕಾರಣಕ್ಕೂ ಹಾಕಬಾರದು, ಪ್ರಾಣಕ್ಕೇ ಅಪಾಯ.

ಕ್ರಿಸ್‌ಮಸ್ ಕಳೆದ ಮೇಲೆ ಪೆನ್ಸಿಲ್ವೇನಿಯಾದಲ್ಲಿ ಬರುವ ಫ್ಲಿಂಟ್‌ಲಾಕ್ ಋತುವಿಗೆ ಈ ಮಾತುಗಳೆಲ್ಲ ಬದಲಾಗುತ್ತವೆ. 1974ರಲ್ಲಿ ಶುರುವಾದ ಈ ಋತುವಿನಲ್ಲಿ ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕೋವಿಗೆ ಮಾತ್ರ ಅವಕಾಶ, ದೂರದರ್ಶಕ ಹಾಕುವಂತಿಲ್ಲ. ನನ್ನ ಫ್ಲಿಂಟ್‌ಲಾಕಿನ ನಳಿಗೆ 66 ಇಂಚಿಗೆ ಒಂದು ಸುತ್ತಿನದು. ಅದರಲ್ಲಿ ತಾಮ್ರದ ಗುಂಡು ಹಾಕುವ ಪ್ರಶ್ನೆಯೇ ಇಲ್ಲ. 0.490 ಇಂಚಿನ ಸೀಸದ ಉರುಟು ಗುಂಡನ್ನು ಎಣ್ಣೆ ಸವರಿದ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕರಿಮದ್ದಿನ ಮೇಲೆ ಜಡಿಯುತ್ತೇನೆ. ಗುಂಡಿನ ತೂಕ ಸುಮಾರು 177 ಗ್ರೇನ್ ಅಷ್ಟೇ, ಆಕಾರವೂ ಗಾಳಿಯನ್ನು ಸೀಳುವಂತಹದಲ್ಲ. ನೂರು ಗಜ ತಲುಪುವ ಹೊತ್ತಿಗೆ ಹೊರಟಾಗಿನ ಶಕ್ತಿಯ ಹೆಚ್ಚಿನ ಪಾಲು ಕಳೆದುಹೋಗಿರುತ್ತದೆ. ಆದ್ದರಿಂದ ಐವತ್ತು ಗಜವನ್ನು ಮೀರಿ ನಾನು ಟ್ರಿಗರ್ ಒತ್ತುವುದಿಲ್ಲ, ಪಕ್ಕಕ್ಕೆ ನಿಂತ ಜಿಂಕೆಯ ಪಕ್ಕೆಲುಬಿಗಲ್ಲದೆ ಭುಜಕ್ಕೆ ಗುರಿಯಿಡುವುದಿಲ್ಲ. ಆ ಮಿತಿಯೊಳಗೆ ಉರುಟು ಗುಂಡು ಮಾಡುವ ಕೆಲಸ ನೋಡಿದವರಿಗೆ ಹಳಬರು ಅದನ್ನೇಕೆ ನಂಬಿದ್ದರೆಂಬುದು ತಿಳಿಯುತ್ತದೆ.

ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಕೊಲರಾಡೊದ ಮಝಲ್‌ಲೋಡರ್ ಋತುವಿನಲ್ಲಿ ಸ್ಯಾಬೊ ನಿಷಿದ್ಧ, ದೂರದರ್ಶಕವೂ ನಿಷಿದ್ಧ. ಅಲ್ಲಿಗೆ ಹೋಗುವವರು ನಳಿಗೆಯ ಅಳತೆಗೇ ಮಾಡಿದ ಸೀಸದ ಮೊನಚು ಗುಂಡನ್ನೋ, ಥಾರ್‌ನಂತಹ ತಾಮ್ರದ ಗುಂಡನ್ನೋ ಆರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಗುಂಡು ತರಿಸುವ ಮೊದಲು ಆಯಾ ವರ್ಷದ ನಿಯಮಪುಸ್ತಕವನ್ನು ಓದಿ.

ಟಿ-ಈಝೀಯ ಕೊರತೆಗಳನ್ನೂ ಹೇಳಬೇಕು. ಸೀಸದ ಗುಂಡಿಗಿಂತ ಇದು ಎಷ್ಟೋ ದುಬಾರಿ. ಅಭ್ಯಾಸಕ್ಕೆ ಇದನ್ನೇ ಹಾರಿಸಿದರೆ ಜೇಬಿಗೆ ಭಾರ, ಬೇರೆ ಗುಂಡಿನಿಂದ ಅಭ್ಯಾಸ ಮಾಡಿದರೆ ಗುರಿ ಹೊಂದುವುದಿಲ್ಲ. ಹೆಸರಿನಲ್ಲಿ ಸುಲಭವೆಂದಿದ್ದರೂ ಕೆಲವು ಬಿಗಿ ನಳಿಗೆಗಳಲ್ಲಿ ಜಡಿಯಲು ತೋಳಿನ ಬಲವೇ ಬೇಕಾಗುತ್ತದೆ, ಚಳಿಗೆ ಪ್ಲಾಸ್ಟಿಕ್ ಗಡುಸಾದಾಗ ಇನ್ನೂ ಹೆಚ್ಚು. ಎರಡನೆಯ ಈಡಿನ ಗುಂಡನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡರೆ ಅನುಕೂಲ. ತಾಮ್ರ ಬಿರಿಯಲು ವೇಗ ಬೇಕು, ಹಾಗಾಗಿ ಮದ್ದನ್ನು 70 ಗ್ರೇನಿಗೆ ಇಳಿಸಿ ಮೆತ್ತಗೆ ಹಾರಿಸುವವರಿಗೆ ಎಕ್ಸ್‌ಟಿಪಿಯೇ ಮೇಲು. ನಿಮ್ಮದು 48 ಇಂಚಿನ ಸುತ್ತಿನ ಹಳೆಯ ಹಾಕನ್ ಆಗಿದ್ದರೆ ತಾಮ್ರಕ್ಕೆ ಹಣ ಹಾಕಬೇಡಿ. ಗಿಡ್ಡನೆಯ ಸೀಸದ ಮೊನಚು ಗುಂಡನ್ನೋ ಬಟ್ಟೆ ಸುತ್ತಿದ ಉರುಟು ಗುಂಡನ್ನೋ ಕೊಂಡು, ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ತೆಗೆದುಬಿಡಿ.